ಫಕ್ಕೀರಪ್ಪನ ಕೈಯಲ್ಲಿ ಹಿಡಿಯದ ಗಾಡಿ

ಒಬ್ಬನ ಕೈಯಲ್ಲಿ ಮಾತ್ರ ಸ್ಟಾರ್ಟ್ ಆಗದ ಕಾರು ಇರುವುದು ಸಾಧ್ಯವೇ ಇಲ್ಲ ಎಂದವನು ನಾನು. ಬಾಯಿಮಾತಿನಲ್ಲಿ ಹೇಳಿದ್ದಲ್ಲ. ಲೆಟರ್‌ಹೆಡ್ಡಿನ ಮೇಲೆ ಬರೆದು, ಸಹಿ ಮಾಡಿ, ನೇರಳೆ ಮಸಿಯ ಶಿಕ್ಕಾ ಒತ್ತಿ ಕೊಟ್ಟಿದ್ದೆ.

ಆಗ ನಾನು ಶಿಗ್ಗಾಂವಿಯ ಹೊರಗೆ, ಹೆದ್ದಾರಿ ಪಕ್ಕದ ಒಂದು ಕಾರ್ ಸರ್ವಿಸ್ ಸೆಂಟರಿನಲ್ಲಿ ಎಂಜಿನಿಯರ್. ಕೆಲಸಕ್ಕೆ ಸೇರಿ ಎರಡನೆಯ ವರ್ಷ. ನಮ್ಮದು ತಡಸದ ಹತ್ತಿರದ ಹಳ್ಳಿ. ಅಪ್ಪ ಹಮಾಲಿ, ಅವ್ವನದು ಹೆಬ್ಬೆಟ್ಟು. ಆ ಮನೆಯಿಂದ ಬಿ.ಇ. ಮುಗಿಸಿದ ಮೊದಲನೆಯವನು ನಾನು. ನಾಲ್ಕು ವರ್ಷದ್ದನ್ನು ಐದು ವರ್ಷಕ್ಕೆ ಮುಗಿಸಿದೆ, ಅದನ್ನು ಮುಚ್ಚಿಡುವುದಿಲ್ಲ. "ನಿಮ್ಮ ಮನ್ಯಾಗ ಎಂಜಿನಿಯರಾ? ಆಗೂ ಮಾತಲ್ಲ ಬಿಡಪಾ" ಎಂದಿದ್ದವರ ಮುಂದೆ ಸರ್ವಿಸ್ ಸೆಂಟರಿನ ಹೆಸರಿದ್ದ ಅಂಗಿ ತೊಟ್ಟು ಓಡಾಡುವುದೇ ನನಗೆ ಆಗ ಸಂಬಳಕ್ಕಿಂತ ದೊಡ್ಡದಾಗಿತ್ತು.

ಸಂಕ್ರಾಂತಿಗೆ ಎರಡು ವಾರ ಇರುವಾಗ ಹಾನಗಲ್ಲಿನಿಂದ ಒಂದು ಬಿಳಿ ಕಾರು ಬಂತು. ಮಾಲಕರು ವೀರಭದ್ರಪ್ಪನವರು, ಭತ್ತದ ವ್ಯಾಪಾರಿ. ಡ್ರೈವರ್ ಫಕ್ಕೀರಪ್ಪ, ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನವನು, ಆ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದವನು. ಮಾಲಕರ ಹೆಂಡತಿ ನೀಲಮ್ಮನವರಿಗೆ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಮೂರು ಸಲ ಅವರನ್ನು ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಕರೆದೊಯ್ಯುವುದು ಅವನ ಕೆಲಸ. ಹಿಂದಿನ ವಾರ ಹೊರಡುವ ಹೊತ್ತಿಗೆ ಗಾಡಿ ಮುಕ್ಕಾಲು ಗಂಟೆ ಹಿಡಿಯಲಿಲ್ಲ. ಅಂಗಡಿಯಿಂದ ಮಾಲಕರು ಓಡಿ ಬಂದು ತಾವೇ ಚಾವಿ ತಿರುವಿದರು. ಮೊದಲನೆಯ ಸಲಕ್ಕೇ ಹಿಡಿಯಿತು. ಅಷ್ಟರಲ್ಲಿ ಆಸ್ಪತ್ರೆಯ ಪಾಳಿ ತಪ್ಪಿತ್ತು. ಮರುದಿನ ನೀಲಮ್ಮನವರಿಗೆ ಉಸಿರು ಕಟ್ಟಿ ಐಸಿಯುಗೆ ಸೇರಿಸಬೇಕಾಯಿತು. ಫಕ್ಕೀರಪ್ಪ ಅದೇ ವಾರ ಊರಿಗೆ ಹೋಗಲು ರಜೆ ಕೇಳಿದ್ದ, ಮಾಲಕರು ಕೊಟ್ಟಿರಲಿಲ್ಲ. ಮನೆಯವರು ಎರಡನ್ನೂ ಕೂಡಿಸಿ ನೋಡಿದ್ದರು.

ಫಕ್ಕೀರಪ್ಪ ಕೌಂಟರ್ ಮುಂದೆ ನಿಂತು ಹೇಳಿದ: "ಸೆಲ್ಫ್ ಹೊಡೀತೈತ್ರಿ, ಎಂಜಿನ್ ಹಿಡಿಯಂಗಿಲ್ಲ. ಹತ್ತು ಸಲಕ್ಕ ಒಮ್ಮೆ ಹಿಂಗ ಮಾಡ್ತೈತಿ. ದಸರಾ ಆದಮ್ಯಾಲ ಶುರುವಾತ್ರಿ."

"ದಸರಾದಾಗ ಗಾಡಿಗೆ ಬನ್ನಿ ಕೊಡೂದು ಮರ್ತೀರೇನ್ರಿ ಮತ್ತ?" ಎಂದೆ. ಕೌಂಟರಿನವರೆಲ್ಲ ನಕ್ಕರು. ಅವನೂ ನಕ್ಕ. ಆ ನಗುವಿನಲ್ಲಿ ನಾನು ಕೇಳಬೇಕಾಗಿದ್ದ ಒಂದೇ ಪ್ರಶ್ನೆ ಹೋಯಿತು.

"ನನ್ನ ಎದುರಿಗೆ ನೋಡ್ರಿ ಸಾಹೇಬ್ರ, ನಾ ಇಲ್ಲೇ ಕುಂದರ್ತೇನಿ" ಎಂದು ಕೇಳಿದ. ಗಿರಾಕಿಗಳನ್ನು ಒಳಗೆ ಬಿಡುವುದಿಲ್ಲ ಎಂದು ಕಳಿಸಿಬಿಟ್ಟೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಗಾಡಿ ಒಳಗೆ ಬರುವಾಗ ಕೌಂಟರಿನವರು ಗೊಂಚಲಿನಿಂದ ಆ ಗಾಡಿಯ ಚಾವಿಯೊಂದನ್ನೇ ಬಿಚ್ಚಿ, ಅದಕ್ಕೆ ನಂಬರಿನ ಚೀಟಿ ಕಟ್ಟಿ, ಉಳಿದದ್ದನ್ನು ಗಿರಾಕಿಗೆ ವಾಪಸ್ ಕೊಡುತ್ತಿದ್ದರು. ಬೇರೆ ಚಾವಿ ಕಳೆದರೆ ನಮ್ಮ ಮೇಲೆ ಬರಬಾರದು ಎಂದು. ಅಂದೂ ಹಾಗೇ ಮಾಡಿದರು.

ಮೂರು ದಿನ ಗಾಡಿ ಇಟ್ಟುಕೊಂಡೆ. ಬ್ಯಾಟರಿ 12.6 ವೋಲ್ಟ್, ಚೆನ್ನಾಗಿತ್ತು. ಟರ್ಮಿನಲ್, ಪೆಟ್ರೋಲ್ ಪಂಪಿನ ರಿಲೇ, ಇಗ್ನಿಷನ್ ಸ್ವಿಚ್, ಅರ್ಥಿಂಗ್ ವೈರ್ ಎಲ್ಲ ನೋಡಿದೆ. ಬೆಳಗಿನ ಚಳಿಯಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ತಡಸದವರೆಗೆ ಓಡಿಸಿ ತಂದು, ಒಟ್ಟು ನಲವತ್ತಮೂರು ಸಲ ಸ್ಟಾರ್ಟ್ ಮಾಡಿದೆ. ನಲವತ್ತಮೂರು ಸಲವೂ ಹಿಡಿಯಿತು. ಸ್ಕ್ಯಾನರ್ ಹಚ್ಚಿದಾಗ ಒಂದು ಹಳೆಯ ದೋಷದ ಕೋಡ್ ಕಂಡಿತು, ಇಮ್ಮೊಬಿಲೈಸರ್‌ನದು. ಟರ್ಮಿನಲ್ ಬಿಚ್ಚಿದ್ದಕ್ಕೆ ಬಂದಿರಬೇಕು ಎಂದುಕೊಂಡು ಅಳಿಸಿದೆ. ಅಳಿಸಲು ಒಂದು ಬಟನ್ ಸಾಕು.

ವೀರಭದ್ರಪ್ಪನವರು ಫೋನಿನಲ್ಲಿ ಕೇಳಿದರು: "ಗಾಡಿ ಖರೇನ ಕೆಟ್ಟೈತೋ, ಇಂವ ನಾಟಕ ಮಾಡಾಕತ್ತಾನೋ? ಬರದು ಕೊಟ್ಬಿಡ್ರಿ."

ಬರೆದೆ. "ವಾಹನದಲ್ಲಿ ಯಾವುದೇ ದೋಷ ಕಂಡುಬಂದಿಲ್ಲ. ಚಾಲಕ ಹೇಳಿದಂತೆ ಆಗುವುದು ಸಾಧ್ಯವಿಲ್ಲ." ಎರಡನೆಯ ಸಾಲನ್ನು ಯಾರೂ ಕೇಳಿರಲಿಲ್ಲ. ನನ್ನ ಓದು ಅದನ್ನು ಬರೆಸಿತು.

ಫಕ್ಕೀರಪ್ಪನನ್ನು ಕೆಲಸದಿಂದ ಬಿಡಿಸಿದರು, ಆ ಕಾಗದವನ್ನೇ ಅವನ ಕೈಗೆ ಕೊಟ್ಟು. ಹೊಸ ಡ್ರೈವರನ ಕೈಯಲ್ಲಿ ಗಾಡಿ ಒಂದು ದಿನವೂ ತಕರಾರು ಮಾಡಲಿಲ್ಲ. ಅದನ್ನು ಕೇಳಿ ನಾನು ಸಮಾಧಾನಪಟ್ಟೆ. ಬೇಸಿಗೆಯಲ್ಲಿ ನೀಲಮ್ಮನವರು ತೀರಿಕೊಂಡರು. ಕಾಯಿಲೆ ಮೊದಲೇ ಬಲಿತಿತ್ತು, ಆದರೆ ಊರ ಬಾಯಲ್ಲಿ ಅವರನ್ನು ಕೊಂದವನು ಫಕ್ಕೀರಪ್ಪ.

ಅದೇ ವರ್ಷದ ಮಳೆಗಾಲದಲ್ಲಿ ಸವಣೂರಿನಿಂದ ಒಬ್ಬ ಶಿಕ್ಷಕಿ ತಮ್ಮ ಕಾರು ತಂದರು. ಕೌಂಟರಿನಲ್ಲಿ ಅಂದು ಯಾರೂ ಇರಲಿಲ್ಲ, ಗೊಂಚಲನ್ನು ಇಡಿಯಾಗಿ ನಾನೇ ತೆಗೆದುಕೊಂಡೆ. ತಿರುವಿದರೆ ಸೆಲ್ಫ್ ಹೊಡೆಯಿತು, ಎಂಜಿನ್ ಹಿಡಿಯಲಿಲ್ಲ. ಮೀಟರಿನಲ್ಲಿ ಚಾವಿಯ ಗುರುತಿನ ಕೆಂಪು ದೀಪ ಮಿಣುಕುತ್ತಿತ್ತು. ಗೊಂಚಲಿನಲ್ಲಿ ಅವರ ಗಂಡನ ಕಾರಿನ ಚಾವಿಯೂ ಇತ್ತು. ಅದನ್ನು ಬಿಚ್ಚಿದೆ. ಹಿಡಿಯಿತು.

ಈಗಿನ ಚಾವಿಗಳ ತಲೆಯೊಳಗೆ ಒಂದು ಸಣ್ಣ ಚಿಪ್ ಇರುತ್ತದೆ. ಗಾಡಿಯ ಕಂಪ್ಯೂಟರ್ ಅದರ ಗುರುತು ಕೇಳುತ್ತದೆ. ಗುರುತು ಸಿಗದಿದ್ದರೆ ಎಂಜಿನ್ ಹಿಡಿಯಗೊಡುವುದಿಲ್ಲ. ಇದೇ ಇಮ್ಮೊಬಿಲೈಸರ್, ಕಳ್ಳರಿಗಾಗಿ ಮಾಡಿದ್ದು. ಎರಡು ಚಿಪ್ ಒಂದಕ್ಕೊಂದು ತೀರ ಹತ್ತಿರ ಬಂದರೆ ಇಬ್ಬರು ಒಮ್ಮೆಲೇ ಮಾತಾಡಿದ ಹಾಗೆ, ಕೆಲವು ಗಾಡಿಗಳಿಗೆ ಯಾರ ಮಾತೂ ತಿಳಿಯುವುದಿಲ್ಲ. ಗೊಂಚಲು ಸ್ವಲ್ಪ ಅಲುಗಿ ಚಾವಿಗಳು ದೂರವಾದರೆ ಸರಿಹೋಗುತ್ತದೆ. ಇದನ್ನು ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ.

ದಸರಾ ಆದ ಮೇಲೆ ಶುರುವಾಯಿತು ಎಂದಿದ್ದ ಫಕ್ಕೀರಪ್ಪನ ಮಾತು ನೆನಪಾಯಿತು.

ಮರುದಿನ ಹಾನಗಲ್ಲಿಗೆ ಹೋಗಿ, ದಸರಾಕ್ಕೆ ಚಾವಿಯಲ್ಲಿ ಏನು ಬದಲಾಗಿತ್ತು ಎಂದು ಒಂದೇ ಮಾತು ಕೇಳಿದೆ. ವೀರಭದ್ರಪ್ಪನವರು ಹೇಳಿದರು: "ದಸರಾಕ್ಕ ಮಗನ ಹೊಸಾ ಕಾರು ಬಂತಲ್ರಿ. ಖಂಡೇಪೂಜಿ ದಿವಸ ನಮ್ಮಾಕಿ ಈ ಗಾಡಿ ಚಾವೀನೂ ಅದರ ಎರಡನೇ ಚಾವೀನೂ ಒಂದ ಕೆಂಪು ದಾರಕ್ಕ ಪೋಣಿಸಿ ಪೂಜಿ ಮಾಡಿದ್ಲು. ಜೋಡಿ ಬಿಚ್ಚಬ್ಯಾಡ ಫಕ್ಕೀರಪ್ಪ ಅಂತ ಆಕೀನ ಹೇಳಿದ್ಲು." ಹೊಸ ಡ್ರೈವರ್ ಬಂದಾಗ, ಗುರುತಿಲ್ಲದವನಿಗೆ ಎರಡು ಗಾಡಿಯ ಚಾವಿ ಯಾಕೆ ಎಂದು ಇವರೇ ದಾರ ಬಿಚ್ಚಿ ಒಂದನ್ನು ಒಳಗಿಟ್ಟಿದ್ದರು.

ಆ ಚಾವಿ ತರಿಸಿ ಎರಡನ್ನೂ ಮತ್ತೆ ದಾರಕ್ಕೆ ಪೋಣಿಸಿದೆ. ಆರನೆಯ ಸಲಕ್ಕೆ ಕೆಂಪು ದೀಪ ಮಿಣುಕಿತು, ಎಂಜಿನ್ ಹಿಡಿಯಲಿಲ್ಲ. ಅವರು ಬಾನೆಟ್ ಮೇಲೆ ಕೈಯೂರಿದರು.

"ಫಕ್ಕೀರಪ್ಪನ್ನ ತಿರುಗಿ ಕರೀರಿ" ಎಂದೆ.

"ಆಕೀ ಕೈಯಿಂದನ ಆತು ಅಂತ ಮಂದಿ ಮುಂದ ಹೆಂಗ ಹೇಳ್ಲಿ? ಸತ್ತಾಕಿ ಹೆಸರು ಬ್ಯಾಡ್ರಿ. ನೀವೂ ಬಿಟ್ಬಿಡ್ರಿ ಸಾಹೇಬ್ರ."

ಮ್ಯಾನೇಜರ್ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳಿದರು. ತಪ್ಪಾಯಿತೆಂದು ಲೆಟರ್‌ಹೆಡ್ಡಿನ ಮೇಲೆ ಬರೆಯುವ ಹಾಗಿಲ್ಲ, ಶಿಕ್ಕಾ ಅಂತೂ ಕೊಡುವುದಿಲ್ಲ. ಬಿಳಿ ಹಾಳೆಯ ಮೇಲೆ ನನ್ನ ಕೈಯಿಂದಲೇ ಪ್ರಮಾಣಪತ್ರ ಬರೆದೆ. ದೋಷ ಚಾವಿಯದು, ಚಾಲಕ ಹೇಳಿದ್ದು ನಿಜ, ತಪ್ಪು ನನ್ನದು. ನೀಲಮ್ಮನವರ ಹೆಸರು ಹಾಕಲಿಲ್ಲ. ಕೆಳಗೆ ನನ್ನ ಹೆಸರು, ಅದರ ಮುಂದೆ ಬಿ.ಇ. ಎಂದು ಬರೆಯುವಾಗ ಆ ಎರಡು ಅಕ್ಷರ ಮೊದಲ ಸಲ ಸಣ್ಣವಾಗಿ ಕಂಡವು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕಂಡುಬಂದಿಲ್ಲ ಎಂದು ಬರೆಯಬಹುದು, ಸಾಧ್ಯವಿಲ್ಲ ಎಂದು ಬರೆಯಬಾರದು. ಈಗ ಗೊಂಚಲನ್ನು ಗಿರಾಕಿ ತಂದ ಹಾಗೇ ತೆಗೆದುಕೊಳ್ಳುತ್ತೇನೆ, ಓಡಿಸುವವರನ್ನೇ ಸೀಟಿನಲ್ಲಿ ಕೂರಿಸಿ ತಿರುವಲು ಹೇಳುತ್ತೇನೆ. ಇದರಿಂದ ಫಕ್ಕೀರಪ್ಪನಿಗೆ ಏನೂ ಆಗಿಲ್ಲ, ಅದೂ ಗೊತ್ತಿದೆ.

ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾರೂ ಅವನಿಗೆ ಸ್ಟಿಯರಿಂಗ್ ಕೊಟ್ಟಿರಲಿಲ್ಲ. ಗೋವಾದಲ್ಲಿ ಒಂದು ಕಟ್ಟಡ ಕಾಯುತ್ತಿದ್ದ. ಫೋನ್ ಮಾಡಿ ಎಲ್ಲವನ್ನೂ ಹೇಳಿ, ಪತ್ರ ಎಲ್ಲಿಗೆ ಕಳಿಸಲಿ ಎಂದೆ. ಅವನು ಅಂದದ್ದು, "ಆತ್ರಿ ಸಾಹೇಬ್ರ. ಮನ್ಯಾಗ ಕೊಟ್ಬಿಡ್ರಿ."

ಚಿಕ್ಕೇರೂರಿಗೆ ಹೋದೆ. ಅವನ ಹೆಂಡತಿ ಗಂಗವ್ವ ಕಟ್ಟೆಯ ಮೇಲೆ ಗೋವಿನಜೋಳ ಸುಲಿಯುತ್ತಿದ್ದಳು. "ಕುಂತ್ಕೊಳ್ರಿ" ಎಂದು ಚಾಪೆ ಹಾಸಿದಳು. ಪತ್ರವನ್ನು ಓದಿ ಹೇಳಿ, ಅವಳ ಕೈಗೆ ಕೊಟ್ಟೆ. ಅವಳಿಗೆ ಓದಲು ಬರುವುದಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ನನ್ನ ಹಳೆಯ ಕಾಗದ ತಂದು, ಎರಡನ್ನೂ ಮೊಳಕಾಲ ಮೇಲೆ ಜೋಡಿಸಿ ಇಟ್ಟುಕೊಂಡು ನೋಡಿದಳು. ಹೊಸದರ ಕೆಳಗಿನ ಖಾಲಿ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು.

"ಮೊದಲಿನದಕ್ಕ ಶಿಕ್ಕಾ ಐತಲ್ರಿ" ಎಂದಳು. "ಇದಕ್ಕ ಇಲ್ಲ. ಇದನ್ನ ಯಾರು ನಂಬ್ತಾರ?"