ಬಾಳಗಡಿಯ ನೀರು, ಬಚ್ಚಲೊಲೆ ಮತ್ತು ನನ್ನ ಅಂಗಾಲು

ಮಲೆನಾಡಿನ ಕೊಪ್ಪದ ಪಕ್ಕದ ಬಾಳಗಡಿಗೆ ಬಂದು ನೆಲೆಯೂರಲು ನನಗೆ ತಗುಲಿದ ಖರ್ಚು ಎರಡು ಎಮ್ಮೆ ಮತ್ತು ಎಡಗಾಲಿನ ಒಂದು ಬೆರಳು. ಎಮ್ಮೆಗಳನ್ನು ನಾನೇ ಮಾರಿದೆ, ಒಳ್ಳೆಯ ದರಕ್ಕೇ ಮಾರಿದೆ. ಬೆರಳು ಹೋದದ್ದು ಹೇಗೆಂದು ಬರೆಯುತ್ತೇನೆ. ನಮ್ಮ ಕಡೆಯಿಂದ ಇತ್ತ ಬರುವವರಿಗೆ ಉಪಯೋಗವಾದೀತು.

ಬಂದದ್ದು ನೀರಿಗಾಗಿ. ಮುಂಡರಗಿ ಕಡೆಯ ನಮ್ಮ ಊರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನೇ ಕುಡಿದು ಬೆಳೆದ ನನಗೆ ನಲವತ್ತು ದಾಟುವಷ್ಟರಲ್ಲಿ ಬೆನ್ನು ಹಲಗೆಯಂತೆ ಸೆಟೆದು, ಮೊಣಕಾಲು ಸೊಟ್ಟಗಾಗಿದ್ದವು. ಅದರ ಮೇಲೆ ಸಕ್ಕರೆ ಕಾಯಿಲೆ. ಬಲಗಿವಿ ಚಿಕ್ಕಂದಿನಿಂದಲೇ ಕೇಳಿಸದು. ಮೂಳೆ ಡಾಕ್ಟರು “ಬಾಳ ನಡೀಬ್ಯಾಡ್ರಿ” ಎಂದರೆ, ಸಕ್ಕರೆ ಡಾಕ್ಟರು “ದಿನಾ ನಡೀರಿ” ಎನ್ನುತ್ತಿದ್ದರು. ಇಬ್ಬರೂ ಒಪ್ಪಿದ್ದು ಒಂದೇ ಮಾತನ್ನು: ನೀರು ಬದಲಿಸಬೇಕು. ಸೊಟ್ಟಗಾದದ್ದು ನೆಟ್ಟಗಾಗದು, ಇನ್ನಷ್ಟು ಆಗುವುದಾದರೂ ನಿಂತೀತು. ಒಣಮೆಣಸಿನಕಾಯಿ ಚೀಲ ಹಾಕಿಕೊಂಡು ವರ್ಷವೂ ಕೊಪ್ಪದ ಸಂತೆಗೆ ಬರುತ್ತಿದ್ದ ನನಗೆ ಇಲ್ಲಿನ ಬಾವಿ ನೀರಿನ ರುಚಿ ಗೊತ್ತಿತ್ತು. ಮಾರುವುದನ್ನು ಮಾರಿ ಬಂದುಬಿಟ್ಟೆ.

ನಮ್ಮಲ್ಲಿ ದೂರವೆಂದರೆ ದೂರ ಮಾತ್ರ. ಇಲ್ಲಿ ದೂರದ ಜೊತೆಗೆ ಏರೂ ಇರುತ್ತದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. “ಇಲ್ಲೇ ಹತ್ರ ಮಾರಾಯ್ತಿ” ಎಂದು ಜನ ತೋರಿಸಿದ ಮನೆಗಳೆಲ್ಲ ಧರೆಯ ಮೇಲಿದ್ದವು. ಗುಡ್ಡವನ್ನು ಕಡಿದಾಗ ಗೋಡೆಯಂತೆ ನಿಲ್ಲುವ ಮಣ್ಣಿಗೆ ಇಲ್ಲಿಯವರು ಧರೆ ಎನ್ನುತ್ತಾರೆ. ಅದನ್ನು ಹತ್ತಲು ಪಾಚಿ ಹಿಡಿದ ಮೆಟ್ಟಿಲು. ಕೊನೆಗೆ ರಸ್ತೆಯ ಮಟ್ಟದಲ್ಲೇ ಒಂದು ಕೋಣೆ ಸಿಕ್ಕಿತು. ಮನೆಯೊಡತಿ ಸುಶೀಲಮ್ಮ. ನನಗಿಂತ ಹಿರಿಯರು, ಕಾಲೇಜಿನ ಹುಡುಗರಿಗೆ ಅಡುಗೆ ಮಾಡಿ ಹಾಕುವ ಕೆಲಸ.

“ಬಾಡಗಿ ಇಳಸ್ರೀ ಅಮ್ಮಾರ” ಎಂದೆ.

“ಎಂತಕ್ಕೆ ಇಳಿಸೋದು?”

“ಮನಿ ಸೋರತೈತಿ.”

“ಮಳೆ ಬಂದಾಗ ಮಾತ್ರ ಸೋರೋದು ಮಾರಾಯ್ತಿ.”

“ಹಂಗಾರ ಮಳಿ ಇದ್ದಾಗ ಮಾತ್ರ ಕಡಿಮಿ ಕೊಡ್ತೀನಿ ಬಿಡ್ರಿ.”

ಅವರು ನಕ್ಕು ಒಪ್ಪಿದರು. ಇಲ್ಲಿ ಮಳೆಯೆಂದರೆ ಹೆಚ್ಚುಕಡಿಮೆ ಅರ್ಧ ವರ್ಷ ಎಂಬುದನ್ನು ಆ ಗಳಿಗೆಯಲ್ಲಿ ಅವರು ಮರೆತಿದ್ದರು, ನಾನು ಮರೆತಿರಲಿಲ್ಲ. ನನ್ನ ಬೆನ್ನು, ಕಿವಿಯ ಸಂಗತಿ ಹೇಳದಿದ್ದರೂ ಅವರಿಗೆ ತಾನಾಗಿ ಗೊತ್ತಾಗುತ್ತಿತ್ತು. ಸಕ್ಕರೆಯಿಂದ ಅಂಗಾಲು ಜೋಮು ಹಿಡಿದಂತೆ ಸ್ಪರ್ಶ ಕಳೆದುಕೊಂಡದ್ದನ್ನು ಹೇಳಬೇಕೆಂದು ನನಗೆ ತೋಚಲೇ ಇಲ್ಲ. ನಮ್ಮೂರಿನಲ್ಲಿ ಅದು ಕಾಯಿಲೆ ಎನಿಸಿರಲೇ ಇಲ್ಲ. ಬೇಸಿಗೆಯ ಕಾದ ನೆಲದಲ್ಲಿ ಎಲ್ಲರೂ ಕುಣಿದು ನಡೆಯುವಾಗ ನಾನು ಸಾವಕಾಶ ನಡೆಯುತ್ತಿದ್ದೆ. ಅನುಕೂಲವೇ ಆಗಿತ್ತು.

ಮಳೆ ಹಿಡಿಯಿತು. ಈ ಕಡೆಯ ಮನೆಗಳಲ್ಲಿ ಬಚ್ಚಲಿನ ಹಂಡೆಯ ಕೆಳಗೆ ಒಲೆ ಉರಿಯುತ್ತಲೇ ಇರುತ್ತದೆ. ನೆನೆದು ಬಂದವರು ಯಾರೇ ಆಗಲಿ, ಮೊದಲು ಅದರ ಮುಂದೆ ಕೂತು ಕೈಕಾಲು ಕಾಸಿಕೊಳ್ಳಬೇಕು. ಅಪರಿಚಿತರನ್ನು ಅಲ್ಲಿಗೆ ಕರೆದರೆಂದರೆ ಮನೆಯವರನ್ನಾಗಿ ಮಾಡಿಕೊಂಡರೆಂದೇ ಲೆಕ್ಕ. ಒಂದು ಸಂಜೆ ಸಂತೆಯಿಂದ ತೊಯ್ದು ಬಂದ ನನ್ನನ್ನು ಸುಶೀಲಮ್ಮ ಕರೆದರು: “ಬಾ ಬಾ, ಕಾಲು ಕಾಸ್ಕೋ. ಥಂಡಿ ಹಿಡಿದ್ರೆ ಬಿಡೋದಲ್ಲ.” ಸ್ಟೂಲು ಹಾಕಿಕೊಟ್ಟು ಅಡುಗೆಮನೆಗೆ ಹೋದರು. ಶಾಖ ಮೊಣಕಾಲಿಗೆ ತಾಗಿತು. ವರ್ಷಗಳಿಂದ ಬಿಗಿದಿದ್ದ ಬೆನ್ನು ಸಡಿಲಾದಂತಾಗಿ ನಾನು ಕಣ್ಣು ಮುಚ್ಚಿದೆ. ಕಾಲು ಕೆಂಡದತ್ತ ಜರುಗಿದ್ದು ತಿಳಿಯಲಿಲ್ಲ. ಅವರು ಒಳಗಿನಿಂದ ಕೂಗಿದ್ದು ನನ್ನ ಬಲಗಿವಿಯ ಕಡೆಯಿಂದ, ಅದೂ ಕೇಳಿಸಲಿಲ್ಲ.

“ಎಂತ ವಾಸನೆ ಇದು? ಕೂಗಿದ್ರೆ ಓ ಅನ್ನಕ್ಕಾಗಲ್ವಾ?” ಎನ್ನುತ್ತ ಬಂದವರು ಕಿರುಚಿಕೊಂಡರು. “ಅಯ್ಯೋ, ನಿನ್ ಕಾಲು ಮಾರಾಯ್ತಿ!”

“ಏನಾಗೈತ್ರೀ?” ಎಂದೆ. ಬಗ್ಗಿ ನೋಡಲು ಬೆನ್ನು ಬಿಡಲಿಲ್ಲ.

ಯಾವುದೋ ಒಂದೇ ಕೊರತೆಯಿದ್ದರೆ ಉಳಿದವು ಕಾಯುತ್ತಿದ್ದವೇನೋ. ಮೂರೂ ಒಟ್ಟಿಗೆ ಇದ್ದಾಗ ಒಂದನ್ನು ಇನ್ನೊಂದು ಕಾಯುವುದಿಲ್ಲ. ಇದು ಯಾವ ಡಾಕ್ಟರೂ ನನಗೆ ಹೇಳಿರದ ಸಂಗತಿ. ಅವರು ತಮ್ಮ ತಮ್ಮ ಭಾಗವನ್ನಷ್ಟೇ ನೋಡುತ್ತಿದ್ದರು.

ಆ ತೇವದಲ್ಲಿ ಗಾಯ ಒಣಗಲಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಬೆರಳು ತೆಗೆದರು. ಇನ್ನೊಂದು ಗಾಯವಾದರೆ ಪಾದವೇ ಹೋಗಬಹುದು, ದಿನವೂ ಯಾರಾದರೂ ಅಂಗಾಲು ನೋಡಲೇಬೇಕು ಎಂದರು. ಸುದ್ದಿ ತಿಳಿದು ತಮ್ಮ ಶರಣಪ್ಪ ಬಂದ.

“ಸಾಕ್ ನಡಿ ಅಕ್ಕಾ. ನೀರು ಕುಡ್ಯಾಕಂತ ಬಂದು ಕಾಲು ಕಳಕೋತೀಯೇನ?”

ನೋಡಲು ಬಂದಿದ್ದ ಸುಶೀಲಮ್ಮನೂ ಅವನ ಪಕ್ಷ. “ಕರ್ಕೊಂಡ್ ಹೋಗು ತಮ್ಮಾ. ನಾನೇ ಕೂರ್ಸಿ ಸುಟ್ಟೆ ಅಂತ ನಾಳೆ ಜನ ಹೇಳ್ತಾರೆ.” ಕಣ್ಣಲ್ಲಿ ನೀರು.

ಊರಿಗೆ ಹೋದರೆ ಕಾಲು ನೋಡಲು ಜನರಿದ್ದಾರೆ, ಕುಡಿಯಲು ಅದೇ ನೀರು. ಇಲ್ಲಿ ಉಳಿದರೆ ನೀರಿದೆ, ನೋಡುವವರಿಲ್ಲ. ಎರಡೂ ಬೇಕಿತ್ತು. ಎರಡನ್ನೂ ಪಡೆಯುವ ದಾರಿ ನನಗೆ ತಿಳಿದಿದ್ದದ್ದು ಒಂದೇ, ವ್ಯವಹಾರ.

“ಅಮ್ಮಾರ, ಒಂದು ಯವಾರ ಮಾತಾಡೂಣು.”

“ಎಂತ, ಬಾಡಿಗೆ ಇನ್ನೂ ಇಳಿಸ್ಬೇಕಾ?”

“ದಿನಾ ಸಂಜಿಕ ಒಮ್ಮೆ ನನ್ನ ಅಂಗಾಲು ನೋಡ್ರಿ. ನಿಮ್ಮ ಊಟದ ಮನಿಗೆ ಬೇಕಾದ ಸಂತಿ ಎಲ್ಲಾ ನಾ ಮಾಡ್ತೀನಿ.”

“ನನ್ಗೆ ಸಂತೆ ಮಾಡಕ್ಕೆ ಬರಲ್ವಾ?”

“ನೀವು ತಂದ ಬದನಿಕಾಯಾಗ ಅರ್ಧ ಹುಳಾ ಇದ್ವಲ್ರೀ. ಮ್ಯಾಲೆ ಅವ್ರು ಹೇಳಿದಷ್ಟ ಕೊಟ್ಟ್ ಬಂದೀರಿ.”

ತಮ್ಮನಿಗೆ ನಗು ತಡೆಯಲಾಗಲಿಲ್ಲ. ಸುಶೀಲಮ್ಮ ಕಣ್ಣೊರೆಸಿಕೊಂಡರು. “ನಿನ್ ಕಾಲು ನೋಡ್ಕೊಂಡು ನಾನು ಊಟ ಮಾಡ್ಬೇಕಾ?”

“ಊಟಾ ಆದ್ ಮ್ಯಾಲ ನೋಡ್ರಿ.”

“ಕರ್ಮ!” ಎಂದರು. ಬೇಡ ಎನ್ನಲಿಲ್ಲ. ಶರಣಪ್ಪ ಒಬ್ಬನೇ ಬಸ್ಸು ಹತ್ತಿದ.

ಈಗ ಊಟವಾದ ಮೇಲೆ ಅವರು ಬ್ಯಾಟರಿ ಹಿಡಿದು, ಗೊಣಗುತ್ತ, ಬೆರಳ ಸಂದಿಯನ್ನೂ ಬಿಡದೆ ನೋಡುತ್ತಾರೆ. ಒಮ್ಮೆ ಮುಳ್ಳು ಸಿಕ್ಕಿತು, ಇನ್ನೊಮ್ಮೆ ನೀರುಗುಳ್ಳೆ. ಎರಡೂ ಹುಣ್ಣಾಗುವ ಮೊದಲೇ ವಾಸಿಯಾದವು. ಕೊಪ್ಪದ ಸಂತೆಯಲ್ಲಿ ತರಕಾರಿಯವರು ನನ್ನನ್ನು ಕಂಡರೆ “ಬಂದ್ಳಪ್ಪ ಬಯಲುಸೀಮೆಯವಳು” ಎನ್ನುತ್ತಾರೆ. ಬೇಸಿಗೆಗೆ ಊರಿಗೆ ಹೋದರೆ ತಮ್ಮನ ಹೆಂಡತಿ “ಎಂತ ಎಂತ ಅಂತಾಳ ನೋಡ್ರಿ, ಮಲೆನಾಡಿನಾಕಿ” ಎಂದು ನಗುತ್ತಾಳೆ. ಅಲ್ಲಿನ ಬಿಸಿಲಿಗೆ ಮೊಣಕಾಲು ಖುಷಿಪಡುತ್ತವೆ, ಲೋಟ ಬಾಯಿಗೆತ್ತಿದರೆ ಗಂಟಲು ಬೇಡವೆನ್ನುತ್ತದೆ. ಇಲ್ಲಿ ನೀರು ಇಳಿಯುತ್ತದೆ, ಮೊಣಕಾಲು ಅಳುತ್ತವೆ. ಮೈಯೆಲ್ಲ ಒಂದೇ ಊರಿಗೆ ಸೇರಿದವಳು ನಾನಲ್ಲ, ಅದು ಅಭ್ಯಾಸವಾಗಿದೆ.

ಇಂಥ ಮೈ ಹೊತ್ತು ಬರುವವರಿಗೆ ನನ್ನ ಮಾತಿಷ್ಟು. ಯಾವ ಡಾಕ್ಟರ ಬಳಿ ಹೋದರೂ ಎಲ್ಲರೂ ಕೊಟ್ಟ ಮಾತ್ರೆಗಳನ್ನು ಒಂದೇ ಚೀಲದಲ್ಲಿ ಒಯ್ದು ಮೇಜಿನ ಮೇಲೆ ಸುರುವಿ. ಮನೆ ನೋಡಲು ಮಳೆಯಲ್ಲಿ ಹೋಗಿ, ಬಿಸಿಲಲ್ಲಿ ಎಲ್ಲ ಮನೆಯೂ ಚೆಂದ. ಶಾಖ, ಬಿಸಿನೀರು ಯಾವುದನ್ನೂ ಕಾಲಿನಿಂದ ಪರೀಕ್ಷಿಸಬೇಡಿ, ಮೊಣಕೈ ತಾಗಿಸಿ ನೋಡಿ. ಮುಂಗಡ ಕೊಡುವ ಮೊದಲು, ಕಣ್ಣಿಗೆ ಕಾಣದ ಕಾಯಿಲೆಯನ್ನೇ ಮೊದಲು ಹೇಳಿ. ಕೇಳಿ ಮುಖ ತಿರುಗಿಸಿದರೆ ಬೇರೆ ಮನೆ ಹುಡುಕಿ. ಗೊಣಗುತ್ತಲಾದರೂ “ಎಲ್ಲಿ, ತೋರ್ಸು” ಎಂದರೆ, ಅಲ್ಲಿ ಚೌಕಾಸಿ ನಿಲ್ಲಿಸಿ, ಕೇಳಿದಷ್ಟು ಬಾಡಿಗೆ ಕೊಟ್ಟುಬಿಡಿ.