ಅಂಗೈಯ ಕಲೆಗಳು

ಭಾಲ್ಕಿ ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಕೈ ನೋಡಿ ಸುಳ್ಳು ಭವಿಷ್ಯ ಹೇಳಿ ಜನರನ್ನು ಗೋಳುಹೊಯ್ದುಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅವತ್ತು ನಮ್ಮ ಓಣಿಯ ಲಾರಿ ಡ್ರೈವರ್ ನಗುತ್ತ ಕೈ ಚಾಚಿದ. ಎರಡನೇ ಮದುವೆ ಅದ ಅಂತ ಕಾಡಿಸಬೇಕೆಂದಿದ್ದೆ. ನೋಡಿದರೆ ಅಂಗೈ ತುಂಬ ತಾಮ್ರ ಬಣ್ಣದ ಕಲೆಗಳು. ತಮಾಷೆ ಮಾಡುವ ಉಮೇದು ಅಲ್ಲೇ ಇಳಿದುಹೋಯಿತು. ನಾನೂ ಲಾರಿ ಓಡಿಸಿದವನು. ಅಂಗೈಯಲ್ಲಿ ಇಂಥದೇ ಕಲೆಗಳಿದ್ದ ಜೊತೆಗಾರನೊಬ್ಬ ಔಷಧ ಮಾಡಿಸದೆ ಸುಮ್ಮನಿದ್ದು, ವರ್ಷಗಳ ಮೇಲೆ ಕಣ್ಣು ಕಳೆದುಕೊಂಡಿದ್ದ.

"ತುರಿಸ್ತದೇನು?"

"ಇಲ್ರಿ ಕಾಕಾ. ಅಂಗಾಲಿಗೂ ಅದಾವ."

"ಈ ಮೊದಲ ಗುಪ್ತ ಜಾಗದಾಗ ಒಂದು ಹುಣ್ಣಾಗಿ, ನೋವಿಲ್ದ ತಾನೇ ಒಣಗಿತ್ತೇನು? ಖರೇ ಹೇಳು."

ಅವನ ಮುಖ ಬಿಳಿಚಿತು. "ಇದೆಲ್ಲ ಕೈ ಗೆರಿಯಾಗ ಅದ ಏನ್ರಿ?"

ನನ್ನನ್ನು ಒಬ್ಬ ಪೂರ್ತಿ ನಂಬಿದ್ದು ಅದೇ ಮೊದಲು. ಆದರೆ ಹೆಮ್ಮೆಯಿಂದ ಮೀಸೆ ತಿರುವುವ ಮನಸ್ಸಾಗಲಿಲ್ಲ.

"ಗೆರಿ ಅಲ್ಲೋ, ಸಿಫಿಲಿಸ್ ಅನ್ನೋ ಗುಪ್ತ ಬ್ಯಾನಿ ಇರಬೇಕು. ಹುಣ್ಣು ಒಣಗಿದ್ರ ಬ್ಯಾನಿ ಹೋಗಂಗಿಲ್ಲ, ರಕ್ತದಾಗ ಇಳಿತದ. ಈ ಕಲೆಗಳೂ ತಾವೇ ಹೋಗ್ತಾವ, ಬ್ಯಾನಿ ಒಳಗೇ ಅಡಗಿ ಕೂಡ್ತದ. ಬೀದರ ದವಾಖಾನಿಗಿ ನಡಿ. ರಕ್ತ ನೋಡಿ ಇಂಜೆಕ್ಷನ್ ಕೊಟ್ರ ಆರಾಮ ಆಗ್ತದ. ಹೆಂಡ್ತಿನ್ನೂ ಕರಕೊಂಡು ಬಾ."

"ಮಜಾಕ್ ಬ್ಯಾಡ್ರಿ ಕಾಕಾ. ಆಕಿಗ್ಯಾಕ?"

"ಆಕಿ ಬಸುರಿ ಇದ್ದಾಳಲ್ಲೋ. ನಿನ್ನಿಂದ ಆಕಿಗಿ, ಆಕಿಯಿಂದ ಕೂಸಿಗೂ ಹತ್ತತದ."

ಅವನು ಚಹಾದ ಲೋಟ ಕೆಳಗಿಟ್ಟ. ಆಮೇಲೆ ಮನೆಗೆ ಫೋನ್ ಹಚ್ಚಿದ. "ತಯಾರಾಗು. ಇಬ್ಬರೂ ದವಾಖಾನಿಗಿ ಹೋಗೂದದ. ಕಾಕಾ ಹೇಳ್ಯಾರ."

"ಆ ಸುಳ್ಳ ಮುದುಕನ ಮಾತು ಕೇಳ್ತೀರೇನು?" ಎಂದು ಆಕೆ ನಕ್ಕಿದ್ದು ನನಗೂ ಕೇಳಿಸಿತು.

ಅವನು ನಗಲಿಲ್ಲ. "ನೀ ಬಾ. ಹೇಳ್ತೇನಿ" ಅಂದ.