ಹಗೇವಿನ ಮೇಲೆ ಕಟ್ಟಿದ ಎಮ್ಮೆ

ನನಗೊಂದು ಚಟವಿದೆ. ಸಿಗರೇಟಿನದಲ್ಲ, ಇಸ್ಪೀಟಿನದೂ ಅಲ್ಲ. ಅವನ್ನು ಬಿಡಿಸಲು ಯಾರಾದರೂ ಸಿಕ್ಕಾರು. ನನ್ನದು, ಹೊಸಬರು ಸಿಕ್ಕ ಐದು ನಿಮಿಷದೊಳಗೆ ಅವರ ಅಜ್ಜನನ್ನು ವಿಚಾರಿಸುವ ಚಟ. ಊರು ಯಾವುದು, ಯಾರ ಪೈಕಿ, ಅಜ್ಜ ಏನು ಮಾಡುತ್ತಿದ್ದರು, ಇಷ್ಟು ಗೊತ್ತಾಗದೆ ಎದುರಿಗಿರುವ ಮನುಷ್ಯ ನನಗೆ ಪೂರ್ತಿ ಕಾಣಿಸುವುದೇ ಇಲ್ಲ. ನಮ್ಮ ಧಾರವಾಡದ ಕಡೆ ಇದಕ್ಕೆ ಚಟ ಎನ್ನುವುದಿಲ್ಲ, ಮರ್ಯಾದೆ ಎನ್ನುತ್ತಾರೆ. ನಾನೀಗಿರುವ ಅಮೆರಿಕದ ಇಂಡಿಯನ್ ಅಂಗಡಿಯೊಂದರಲ್ಲಿ ಮೆಂತ್ಯದ ಕಟ್ಟು ಆರಿಸುತ್ತಿದ್ದ ಅಪರಿಚಿತರೊಬ್ಬರ ಅಜ್ಜ ನನ್ನ ಸೋದರಮಾವನಿಗೆ ಗಣಿತ ಕಲಿಸಿದ ಮಾಸ್ತರರೆಂದು ನಾನು ನಾಲ್ಕೇ ಪ್ರಶ್ನೆಗಳಲ್ಲಿ ಪತ್ತೆಹಚ್ಚಿದ್ದೇನೆ. ಆ ಸಂಭ್ರಮದಲ್ಲಿ ಮೆಂತ್ಯವನ್ನು ಅಲ್ಲೇ ಬಿಟ್ಟು ಬಂದು ಮನೆಯಲ್ಲಿ ಬೈಸಿಕೊಂಡಿದ್ದೇನೆ.

ಇಂಥ ನಾನು, ಪಿಸ್ಕಾಟವೇಯ ನಮ್ಮ ಆಫೀಸಿಗೆ ಹೊಸದಾಗಿ ಬಂದ ಯೂರ್ಗನ್ ಎಂಬ ಜರ್ಮನ್ ಇಂಜಿನಿಯರನ್ನು ಬಿಟ್ಟೇನೆ? ನನ್ನ ವಾರಿಗೆಯವನೇ, ಅರವತ್ತರ ಆಸುಪಾಸು. ಮೊದಲ ದಿನವೇ ಕೆಫೆಟೇರಿಯಾದಲ್ಲಿ ಎದುರು ಕುಳಿತು, ಉತ್ಸಾಹದಿಂದ, ಅವನ ಅಜ್ಜ ಏನು ಮಾಡುತ್ತಿದ್ದರೆಂದು ಕೇಳಿದೆ. ಅವನ ಫೋರ್ಕು ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು. ಅದನ್ನು ಹೇಳಲು ಊಟದ ಅರ್ಧ ಗಂಟೆ ಸಾಲದು ಎಂದು ಎದ್ದುಹೋದ.

ಮನೆಗೆ ಬಂದು ಹೇಳಿದರೆ ಮೈಸೂರಿನವಳಾದ ನನ್ನ ಹೆಂಡತಿ ಸುಮಾ ಒಗ್ಗರಣೆ ಸೌಟು ಹಿಡಿದುಕೊಂಡೇ ತಿರುಗಿದಳು. “ಜರ್ಮನಿಯವರನ್ನ ಹಾಗೆಲ್ಲ ಕೇಳ್ತಾರೇನ್ರೀ? ಅವರ ತಾತಂದಿರ ಕಾಲ ಯಾವುದು ಅಂತ ಸ್ವಲ್ಪ ಯೋಚನೆ ಮಾಡ್ಬಾರ್ದಾ?” ಮಗಳು “ಅಪ್ಪಾ, ಯೂ ಡಿಡ್ ನಾಟ್” ಎಂದು ಹಣೆ ಹಿಡಿದುಕೊಂಡಳು. ನದೀಮೂಲ, ಋಷಿಮೂಲ ಕೇಳಬಾರದೆಂದು ಹಿರಿಯರು ಹೇಳಿದ್ದಾರೆ, ಅಜ್ಜನ ಮೂಲದ ಮಾತು ಎಲ್ಲೂ ಬಂದಿಲ್ಲ ಎಂದು ನಾನು ವಾದಿಸಿ ಸೋತೆ.

ಆಶ್ಚರ್ಯವೆಂದರೆ ಯೂರ್ಗನ್ ಮುನಿಯಲಿಲ್ಲ. ಮರುವಾರ ತಾನಾಗಿಯೇ ಬಂದು, ಅಮೆರಿಕಕ್ಕೆ ಬಂದಮೇಲೆ ತನ್ನನ್ನು ಎಲ್ಲರೂ ಕೇಳಿದ್ದು ಬರೀ ಕಾರು ಮತ್ತು ಬಿಯರಿನ ಬಗ್ಗೆ, ಈ ಪ್ರಶ್ನೆ ಕೇಳಿದವನು ನಾನೊಬ್ಬನೇ ಎಂದ. ಕೂಡಲೇ ಶನಿವಾರದ ಊಟಕ್ಕೆ ಕೆಂಡಲ್ ಪಾರ್ಕಿನ ನಮ್ಮ ಮನೆಗೆ ಕರೆದುಬಿಟ್ಟೆ. ಅವನ ಹೆಂಡತಿ ಹೈಕೆಯೂ ಬಂದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ರೊಟ್ಟಿ ಮುರಿಯುತ್ತ ಅವನು ಹೇಳತೊಡಗಿದ.

ಅವನ ಅಜ್ಜ ಒಂದು ಸಣ್ಣ ಊರಿನ ಪೋಸ್ಟ್ ಮಾಸ್ತರರು. ಯುದ್ಧದ ಕಾಲದಲ್ಲಿ ಪಕ್ಕದ ಮನೆಯ ಯಹೂದಿ ಕುಟುಂಬವನ್ನು ಒಂದು ಬೆಳಿಗ್ಗೆ ಹಿಡಿದೊಯ್ದರು. ಅವರು ತಿರುಗಿ ಬರಲಿಲ್ಲ. ಕೆಲವೇ ದಿನಗಳಲ್ಲಿ ಅವರ ಸಾಮಾನುಗಳನ್ನು ಬೀದಿಯಲ್ಲಿಟ್ಟು ಹರಾಜು ಹಾಕಿದಾಗ ಅಜ್ಜ ಊಟದ ಮೇಜನ್ನು ಕೊಂಡರು. ಯೂರ್ಗನ್ ಅಕ್ಷರ ಕಲಿತದ್ದು ಆ ಮೇಜಿನ ಮೇಲೆ. ಹೈಸ್ಕೂಲಿನಲ್ಲಿ ಟೀಚರು, ಯುದ್ಧದಲ್ಲಿ ನಿಮ್ಮ ಮನೆಯ ಹಿರಿಯರು ಏನು ಮಾಡಿದರು, ಕೇಳಿ ಬರೆದುಕೊಂಡು ಬನ್ನಿ ಎಂದು ಹೋಂವರ್ಕ್ ಕೊಟ್ಟರಂತೆ. ಹುಡುಗ ಕೇಳಿದ. ಅಜ್ಜ ಅರ್ಧ ಊಟದಲ್ಲಿ ಎದ್ದುಹೋದರು. ಹೇಳಿದ್ದು ಅಜ್ಜಿ. ಆ ಮೇಜು ಈಗ ಅವರೂರಿನ ಶಾಲೆಯಲ್ಲಿದೆ, ಆ ಕುಟುಂಬದ ನಾಲ್ವರ ಹೆಸರು ಬರೆದಿಟ್ಟಿದ್ದೇವೆ ಎಂದಳು ಹೈಕೆ. ಗತಕಾಲದೊಂದಿಗೆ ಹೀಗೆ ಗುದ್ದಾಡುವುದಕ್ಕೆ ಅವರ ಭಾಷೆಯಲ್ಲಿ ಒಂದು ಪದವೇ ಇದೆ. ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರುತ್ತದೆ.

ಕೋಣೆ ಭಾರವಾಯಿತು. ಭಾರ ಇಳಿಸುವುದು ಮನೆಯ ಯಜಮಾನನ ಕೆಲಸವಲ್ಲವೆ? ನನ್ನ ಅಜ್ಜನ ಎಮ್ಮೆಯ ಕಥೆ ತೆಗೆದೆ. ಎಷ್ಟೋ ಯುಗಾದಿ ಊಟಗಳಲ್ಲಿ ಹೇಳಿ ಜನರನ್ನು ಹೊಟ್ಟೆ ಹಿಡಿದು ನಗಿಸಿದ ಕಥೆ. ಅದೇ ಯುದ್ಧದ ಕಾಲ. ಲೆವಿ ಎಂದು ಸರ್ಕಾರದವರು ರೈತರ ಕಾಳನ್ನು ಅಳೆದು ಒಯ್ಯುತ್ತಿದ್ದರು. ನಮ್ಮ ಮನೆಯಲ್ಲಿ ಹಗೇವು ಇತ್ತು. ಹಗೇವೆಂದರೆ ನೆಲದೊಳಗೆ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವ ಕಣಜ. ಅಧಿಕಾರಿ ಬರುವ ಸುದ್ದಿ ತಿಳಿದು ಅಜ್ಜ ಹಗೇವಿನ ಬಾಯಿಯ ಮೇಲೆಯೇ ಹಾಯುವ ಎಮ್ಮೆಯನ್ನು ಕಟ್ಟಿದರು. ಸಾಹೇಬ ಬಂದ, ಬಗ್ಗಿದ, ಎಮ್ಮೆ ಕೊಂಬು ತಿರುಗಿಸಿತು, ಸಾಹೇಬ ಟೋಪಿ ಬಿಟ್ಟು ಓಡಿದ. ಎಮ್ಮೆಯ ಪಾತ್ರವನ್ನು ನಾನೇ ಮಾಡುತ್ತೇನೆ, ತಲೆಯ ಎರಡೂ ಕಡೆ ಬೆರಳಿಟ್ಟುಕೊಂಡು. ನಮ್ಮ ಮನೆತನದ ಸ್ವಾತಂತ್ರ್ಯ ಹೋರಾಟವೆಂದರೆ ಇದಿಷ್ಟೇ.

ಹೈಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಯೂರ್ಗನ್ ಕೂಡ ನಕ್ಕ. ನಕ್ಕು, ಚಟ್ನಿಗೆ ರೊಟ್ಟಿ ಒತ್ತುತ್ತ, ಯಾವ ಕೊಂಕೂ ಇಲ್ಲದೆ ಕೇಳಿದ: “ಆ ವರ್ಷ ಊರಿನ ಉಳಿದ ಜನ ಏನು ತಿಂದರು?”

ನನ್ನ ಕೊಂಬುಗಳು ಇನ್ನೂ ತಲೆಯ ಮೇಲೇ ಇದ್ದವು. ನಲವತ್ತು ವರ್ಷ ಹೇಳಿದ ಕಥೆ. ಯಾರೂ ಇದನ್ನು ಕೇಳಿರಲಿಲ್ಲ. ಲೋಕದ ಅಜ್ಜಂದಿರನ್ನೆಲ್ಲ ಜಾಲಾಡುವ ನಾನೂ ಕೇಳಿರಲಿಲ್ಲ. ಗೊತ್ತಿಲ್ಲ ಎಂದೆ. ಗೊತ್ತಿರುವವರು ಯಾರಾದರೂ ಇದ್ದಾರೆಯೇ ಎಂದ.

ಒಬ್ಬರೇ ಇದ್ದರು. ಧಾರವಾಡದಲ್ಲಿ ನನ್ನ ತಂದೆಯ ಕೊನೆಯ ತಂಗಿ, ಎಂಬತ್ತೆಂಟರ ಅತ್ತೆ. ಮರುದಿನ ಬೆಳಿಗ್ಗೆ, ಅವರಿಗೆ ಸಂಜೆಯ ಹೊತ್ತಿಗೆ, ಫೋನು ಮಾಡಿದೆ. ನಿಜ ಹೇಳುತ್ತೇನೆ, ನನಗೆ ಬೇಕಾಗಿದ್ದ ಉತ್ತರ ಒಂದೇ. ಅಜ್ಜ ಗುಟ್ಟಾಗಿ ಊರಿಗೆಲ್ಲ ಹಂಚಿದರು ಎಂದು ಅತ್ತೆ ಒಂದು ಮಾತು ಹೇಳಿಬಿಟ್ಟರೆ ಅಜ್ಜನೂ ಉಳಿಯುತ್ತಾರೆ, ನನ್ನ ಕಥೆಯೂ ಉಳಿಯುತ್ತದೆ. ನಾನು ಎಮ್ಮೆಯ ಮಾತೆತ್ತಿದ್ದೇ ಅತ್ತೆ ಖುಷಿಯಾಗಿ ನಕ್ಕರು. ಯೂರ್ಗನ್ನನ ಪ್ರಶ್ನೆ ಕೇಳಿದೆ. ಅಜ್ಜ ಊರಿಗೆ ಜೋಳ ಹಂಚಿರಬೇಕಲ್ಲವೆ ಎಂದು ನಾನೇ ಸೇರಿಸಿದೆ.

“ಹಂಚಲಿಲ್ಲಪಾ,” ಎಂದರು. “ಎದುರು ಮನಿ ಗಂಗವ್ವ ಜ್ವಾಳ ಕೇಳಲಿಕ್ಕೆ ಖಾಲಿ ಮರಾ ಹಿಡಕೊಂಡ ಬಾಗಲಕ್ಕ ಬರತಿದ್ಲು. ಅಪ್ಪ ಒಳಗ ಕೂತಿರತಿದ್ದ. ಜ್ವಾಳ ಇಲ್ಲ ಅಂತ ಹೇಳಿ ಕಳಸಾಕಿ ನಾನ. ಏಳ ವರ್ಷದಾಕಿ ಇದ್ದೆ. ಸಣ್ಣ ಹುಡುಗಿ ಸುಳ್ಳ ಹೇಳೂದಿಲ್ಲ ಅಂತ ಆಕಿ ನಂಬತಿದ್ಲು.” ಗಂಗವ್ವನ ಮನೆಯವರು ಆ ಬೇಸಿಗೆ ಊರು ಬಿಟ್ಟುಹೋದರಂತೆ, ಎಲ್ಲಿಗೆಂದು ಗೊತ್ತಿಲ್ಲ. “ಎಮ್ಮಿ ಕಥಿ ಎಲ್ಲಾರೂ ಕೇಳಿದ್ರು. ಗಂಗವ್ವನ್ನ ಯಾರೂ ಕೇಳಲಿಲ್ಲ ನೋಡು.” ಅತ್ತೆ ಅತ್ತರು. ನಾನೂ ಅತ್ತೆ.

ಸೋಮವಾರ ಯಾವಾಗ ಬರುತ್ತದೋ ಎಂದು ಕಾದೆ. ರೂಟ್ ಒನ್ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಒಬ್ಬನೇ ಜೋರಾಗಿ ಅಭ್ಯಾಸ ಮಾಡಿಕೊಂಡು ಹೋಗಿ ಯೂರ್ಗನ್ನನಿಗೆ ಎಲ್ಲ ಹೇಳಿದೆ. ಕೊಲೆಯೇ ಬೇರೆ, ಬಚ್ಚಿಟ್ಟ ಜೋಳವೇ ಬೇರೆ. ಎರಡನ್ನೂ ಒಂದು ತಕ್ಕಡಿಗೆ ಹಾಕುವ ನಾಚಿಕೆಗೇಡಿ ನಾನಲ್ಲ ಎಂದೂ ಹೇಳಿದೆ. ತೂಗಲು ಯಾರು ಹೇಳಿದರು ಎಂದ ಅವನು. ಸಮಾಧಾನ ಹೇಳಲಿಲ್ಲ, ಬೆನ್ನು ತಟ್ಟಲಿಲ್ಲ. ಗಂಗವ್ವನಿಗೆ ಎಷ್ಟು ಮಕ್ಕಳು, ಅವರ ಹೆಸರೇನು ಎಂದು ಕೇಳಿದ. ವಿಚಿತ್ರ ನೋಡಿ, ನನ್ನ ಅಜ್ಜ ಸಣ್ಣವರಾದ ದಿನ ನಾನು ಇಷ್ಟು ಹಗುರಾಗುತ್ತೇನೆಂದು ಎಣಿಸಿರಲಿಲ್ಲ. ಮಧ್ಯಾಹ್ನದ ಮೀಟಿಂಗಿನಲ್ಲಿ ಒಂದು ಮಾತೂ ಕಿವಿಗೆ ಬೀಳಲಿಲ್ಲ.

ಮರುದಿನ ಅತ್ತೆಗೆ ಮತ್ತೆ ಫೋನು ಮಾಡಿ, ನನ್ನ ಜರ್ಮನ್ ಗೆಳೆಯ ಕೇಳಿದ್ದೆಂದು ಹೇಳಿ ವಿಚಾರಿಸಿದೆ. ಮಕ್ಕಳು ಮೂವರು: ನೀಲವ್ವ, ಕಲ್ಲಪ್ಪ, ಇನ್ನೊಂದು ಕೈಗೂಸು. ಕೈಗೂಸಿನ ಹೆಸರು ನೆನಪಾಗದೆ ಅತ್ತೆ ಚಡಪಡಿಸಿದರು. ಈಚೆಗೆ ನಾನು ಫೋನು ಮಾಡುವುದೇ ಬೇಕಿಲ್ಲ, ವಾರಕ್ಕೆರಡು ಸಲ ಅವರೇ ಮಾಡುತ್ತಾರೆ. ನನ್ನ ಬಿಪಿ, ಮಗಳ ಓದು, ಇಲ್ಲಿನ ಸ್ನೋ ಯಾವುದನ್ನೂ ವಿಚಾರಿಸುವುದಿಲ್ಲ. ಎತ್ತಿದೊಡನೆ ಮೊದಲ ಮಾತೇ ಇದು: “ಆ ಜರ್ಮನಿಯಾಂವ ಮತ್ತೇನ ಕೇಳಿದ?”